ಲಂಡನ್ನಿಗೆ ಒಬ್ಬರೇ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿದೇಶದ ಮಹಾನಗರಕ್ಕೆ ಒಬ್ಬರೇ ಹೊರಟಿರುವ ಹೆಣ್ಣುಮಕ್ಕಳು ತಮ್ಮ ಸುರಕ್ಷತೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಈ ಅಂಕಣದಲ್ಲಿ ಕೋರಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಲಂಡನ್ನಿಗೇ ಸಂಬಂಧಿಸಿದ್ದವು. ಆ ನಗರದಲ್ಲಿ ನಾನೂ ಹಲವು ಬಾರಿ ಒಬ್ಬಳೇ ಓಡಾಡಿರುವುದರಿಂದ ಈ ಸಂಚಿಕೆಯ ಪುಟಗಳನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನನಗೆ 26 ವರ್ಷ. ಕಚೇರಿಯ ಕೆಲಸದ ಮೇಲೆ ಡಿಸೆಂಬರಿನಲ್ಲಿ ಹತ್ತು ದಿನ ಲಂಡನ್ನಿನಲ್ಲಿರಬೇಕು. ಕತ್ತಲಾಗುವುದರೊಳಗೆ ಹೋಟೆಲು ಸೇರುತ್ತೇನೆಂದು ಮಾತು ಕೊಟ್ಟರೆ ಮಾತ್ರ ಕಳುಹಿಸುತ್ತೇನೆ ಎನ್ನುತ್ತಿದ್ದಾರೆ ಅಮ್ಮ. ಈ ಮಾತು ಕೊಡಬಹುದೇ? ಸಂಜೆ, ರಾತ್ರಿ ಅಲ್ಲಿ ಹೇಗೆ ಓಡಾಡಬೇಕು?

ಉತ್ತರ: ಕೊಡಬೇಡಿ, ಏಕೆಂದರೆ ಮೊದಲ ದಿನವೇ ಆ ಮಾತಿಗೆ ತಪ್ಪಬೇಕಾಗುತ್ತದೆ. ಡಿಸೆಂಬರ್ ನಡುವಿನಲ್ಲಿ ಲಂಡನ್ನಿನಲ್ಲಿ ಸಂಜೆ 4 ಗಂಟೆಯಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ನೀವು ಕೆಲಸ ಮುಗಿಸಿ ಹೊರಬೀಳುವಷ್ಟರಲ್ಲಿ ಗಾಢ ಕತ್ತಲಾಗಿರುತ್ತದೆ. ಅದೇ ಜೂನ್ ತಿಂಗಳಾದರೆ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ಆದ್ದರಿಂದ ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಕತ್ತಲನ್ನಲ್ಲ, ಜನರ ಓಡಾಟವನ್ನು. ಡಿಸೆಂಬರಿನ ಸಂಜೆ 6 ಗಂಟೆಗೆ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನರಿರುತ್ತಾರೆ. ಅಲ್ಲಿ ಕಾಯಬೇಕಾದದ್ದು ಚೀಲವನ್ನು. ಅದೇ ಹೊತ್ತಿಗೆ ಕಾಲುವೆಯ ದಂಡೆಯ ಕಾಲುದಾರಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ.

ಅಮ್ಮನ ಆತಂಕ ನ್ಯಾಯವಾದದ್ದು. ಅವರಿಗೆ ಬೇರೊಂದು ಮಾತು ಕೊಡಿ: ವಾಪಸ್ ಹೇಗೆ ಬರುತ್ತೇನೆಂಬುದು ಖಚಿತವಾಗದೆ ಕೋಣೆಯಿಂದ ಹೊರಡುವುದಿಲ್ಲ ಎಂದು. ಈ ಮಾತನ್ನು ಉಳಿಸಿಕೊಳ್ಳಲು ಸಾಧ್ಯವಿದೆ, ಮತ್ತು ಇದರಿಂದ ನಿಜವಾದ ರಕ್ಷಣೆಯೂ ಸಿಗುತ್ತದೆ.

ಹಿಂದಿರುಗುವ ದಾರಿಗಳು ಹೀಗಿವೆ. ಟ್ಯೂಬ್ ಎಂದು ಕರೆಯುವ ನೆಲದಡಿಯ ರೈಲು ವಾರದ ಸಾಮಾನ್ಯ ದಿನಗಳಲ್ಲಿ ಸುಮಾರು ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. 2016ರಿಂದ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ವಿಕ್ಟೋರಿಯಾ, ಸೆಂಟ್ರಲ್, ಜುಬಿಲಿ, ನಾರ್ದರ್ನ್, ಪಿಕಡಿಲಿ ಮಾರ್ಗಗಳಲ್ಲಿ ರಾತ್ರಿಯಿಡೀ ಓಡುವ ವ್ಯವಸ್ಥೆಯಿದೆ. ಆದರೆ ಇವುಗಳ ಕೆಲವು ಕವಲುಗಳಲ್ಲಿ ಅದೂ ಇಲ್ಲದಿರುವುದರಿಂದ ನಿಮ್ಮ ನಿಲ್ದಾಣದ ಹೆಸರನ್ನೇ ಹುಡುಕಿ ನೋಡಿಕೊಳ್ಳಿ. ರೈಲಿಲ್ಲದ ಹೊತ್ತಿನಲ್ಲಿ ಬಸ್ಸುಗಳಿವೆ. ಸಂಖ್ಯೆಯ ಮುಂದೆ 'ಎನ್' ಅಕ್ಷರವಿರುವುದು ರಾತ್ರಿ ಬಸ್ಸು. 2014ರಿಂದ ಲಂಡನ್ನಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಕೈಯಲ್ಲಿ ನೋಟಿದೆಯೆಂದು ನಂಬಿ ನಡುರಾತ್ರಿ ನಿಲ್ದಾಣದಲ್ಲಿ ನಿಲ್ಲಬೇಡಿ. ತಾಗಿಸಿ ಪಾವತಿಸುವ ಬ್ಯಾಂಕ್ ಕಾರ್ಡು ಅಥವಾ ಹಣ ತುಂಬಿಸಿದ ಆಯ್ಸ್ಟರ್ ಕಾರ್ಡು (ಲಂಡನ್ನಿನ ಬಸ್ಸು, ರೈಲುಗಳ ಪ್ರಯಾಣದ ಕಾರ್ಡು) ಇರಲೇಬೇಕು. ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಅಂತಸ್ತಿನಿಂದ ಊರು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅದನ್ನು ಹಗಲಿಗೆ ಇಟ್ಟುಕೊಂಡು, ರಾತ್ರಿ ಕೆಳಗೆ ಚಾಲಕನಿಗೆ ಹತ್ತಿರ ಕುಳಿತುಕೊಳ್ಳಿ.

ಅನೇಕರು ಎಡವುವುದು ಬಸ್ಸು ಅಥವಾ ರೈಲು ಇಳಿದ ಮೇಲಿನ ಕೊನೆಯ ಐದು ನಿಮಿಷದಲ್ಲಿ. ಫೋನಿನ ನಕ್ಷೆ ತೋರಿಸುವುದು ಹತ್ತಿರದ ದಾರಿಯನ್ನು. ಆ ದಾರಿ ಉದ್ಯಾನದೊಳಗಿಂದಲೋ, ರೈಲು ಸೇತುವೆಯ ಕೆಳಗಿಂದಲೋ ಹೋಗಬಹುದು. ಹೈಡ್ ಪಾರ್ಕಿನ ಬಾಗಿಲು ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ ಎಂದ ಮಾತ್ರಕ್ಕೆ ರಾತ್ರಿ 11 ಗಂಟೆಗೆ ಅದರೊಳಗೆ ಒಬ್ಬರೇ ಹಾಯ್ದು ಹೋಗಬೇಕೆಂದಿಲ್ಲ. ನೀವು ತಲುಪಿದ ಮೊದಲ ದಿನ, ಹಗಲಿನಲ್ಲಿಯೇ, ನಿಲ್ದಾಣದಿಂದ ಹೋಟೆಲಿಗೆ ಒಮ್ಮೆ ನಡೆದು ನೋಡಿ. ಯಾವ ಅಂಗಡಿ ತಡರಾತ್ರಿಯವರೆಗೆ ತೆರೆದಿರುತ್ತದೆ, ಎಲ್ಲಿ ಬೀದಿದೀಪ ಮಂಕಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಕೋಣೆ ಕಾಯ್ದಿರಿಸುವಾಗಲೂ ಇದನ್ನೇ ನೋಡಿ. ಅಗ್ಗವಾಗಿ ಸಿಕ್ಕಿತೆಂದು ನಿಲ್ದಾಣದಿಂದ ಇಪ್ಪತ್ತು ನಿಮಿಷ ಒಳದಾರಿಯಲ್ಲಿ ನಡೆಯಬೇಕಾದ ಕೋಣೆ ಹಿಡಿದರೆ, ಉಳಿಸಿದ ಹಣವನ್ನು ಪ್ರತಿ ರಾತ್ರಿ ಆತಂಕದ ರೂಪದಲ್ಲಿ ತೆರಬೇಕಾಗುತ್ತದೆ.

ಇನ್ನು ಟ್ಯಾಕ್ಸಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಂಡನ್ನಿನಲ್ಲಿ ಬಾಡಿಗೆ ಕಾರುಗಳು ಎರಡು ಬಗೆ. ಬ್ಲ್ಯಾಕ್ ಕ್ಯಾಬ್ ಎಂಬುದನ್ನು ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಬಹುದು; ನೆತ್ತಿಯ ಮೇಲಿನ ಟ್ಯಾಕ್ಸಿ ಫಲಕ ಬೆಳಗುತ್ತಿದ್ದರೆ ಅದು ಖಾಲಿಯಿದೆ ಎಂದರ್ಥ. ಅದರ ಚಾಲಕರು ನಗರದ ಬೀದಿಗಳನ್ನೆಲ್ಲ ಬಾಯಿಪಾಠ ಮಾಡಿ 'ನಾಲೆಜ್' ಎಂಬ ಕಠಿಣ ಪರೀಕ್ಷೆ ಪಾಸಾದವರು, ಮತ್ತು ಅವರೆಲ್ಲರೂ ಕಾರ್ಡಿನ ಮೂಲಕ ಹಣ ತೆಗೆದುಕೊಳ್ಳಲೇಬೇಕು. ಎರಡನೆಯದು ಮಿನಿಕ್ಯಾಬ್, ಆ್ಯಪ್ ಮೂಲಕ ಕರೆಸುವ ಕಾರುಗಳೂ ಇದೇ ವರ್ಗಕ್ಕೆ ಸೇರುತ್ತವೆ. ಇವನ್ನು ಮೊದಲೇ ಬುಕ್ ಮಾಡಿರಬೇಕು. ಬುಕ್ ಮಾಡದವರನ್ನು ರಸ್ತೆಯಲ್ಲಿ ಕರೆದು ಹತ್ತಿಸಿಕೊಳ್ಳುವುದು ಕಾನೂನುಬಾಹಿರ. ಹಾಗೆ ಹತ್ತಿದ ಪ್ರಯಾಣಕ್ಕೆ ವಿಮೆಯೂ ಇರುವುದಿಲ್ಲ, ಎಲ್ಲಿಯೂ ದಾಖಲೆಯೂ ಇರುವುದಿಲ್ಲ.

ನಾನು ಮೊದಲ ಸಲ ಹೋದಾಗ ನಡೆದದ್ದನ್ನು ಹೇಳುತ್ತೇನೆ. ಬೇರೆ ಊರಿನಿಂದ ಬಂದ ರೈಲು ತಡವಾಗಿ, ರಾತ್ರಿ ಹನ್ನೊಂದೂವರೆಗೆ ದೊಡ್ಡ ನಿಲ್ದಾಣವೊಂದರ ಹೊರಗೆ ನಿಂತಿದ್ದೆ, ಮಳೆ ಹನಿಯುತ್ತಿತ್ತು. ನಡುವಯಸ್ಸಿನ ಗಂಡಸೊಬ್ಬ ಕೊಡೆ ಹಿಡಿದು ಬಂದು, ಟ್ಯಾಕ್ಸಿ ಬೇಕೇ ಎಂದು ಬಹಳ ಮೃದುವಾಗಿ ಕೇಳಿ, ನಾನು ಉತ್ತರಿಸುವ ಮೊದಲೇ ಸೂಟ್‌ಕೇಸಿನ ಹಿಡಿಕೆಗೆ ಕೈ ಹಾಕಿ, ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ನಡೆಸಿಕೊಂಡು ಹೊರಟ. ಮೂವತ್ತು ಹೆಜ್ಜೆ ನಡೆದೆ. ಪಕ್ಕದ ಬೀದಿಯಲ್ಲಿ ನಿಂತಿದ್ದ ಕಾರಿನ ಹಿಂದಿನ ಗಾಜಿನ ಮೇಲೆ ಮಳೆಹನಿಗಳಲ್ಲದೆ ಬೇರೇನೂ ಇರಲಿಲ್ಲ. ಪರವಾನಗಿಯಿರುವ ಮಿನಿಕ್ಯಾಬ್ ಆಗಿದ್ದರೆ ಅಲ್ಲಿ ದುಂಡನೆಯ ಬಿಲ್ಲೆಯೊಂದು ಅಂಟಿಸಿರಬೇಕಿತ್ತು. ಸೂಟ್‌ಕೇಸನ್ನು ಎಳೆದುಕೊಂಡು ಬೇಡ ಎಂದೆ. ಏನೋ ಗೊಣಗಿ ಅವನು ಹೊರಟುಹೋದ. ಅವನ ಉದ್ದೇಶ ಏನಿತ್ತೋ ನನಗೆ ಗೊತ್ತಿಲ್ಲ. ಆದರೆ ಅನುಮಾನ ಮೊದಲ ಹೆಜ್ಜೆಗೇ ಬಂದಿದ್ದರೂ ಮೂವತ್ತನೆಯ ಹೆಜ್ಜೆಯವರೆಗೆ ನನ್ನನ್ನು ನಡೆಸಿದ್ದು, ಮಳೆಯಲ್ಲಿ ಕೊಡೆ ಹಿಡಿದವನಿಗೆ ಬೇಡ ಎನ್ನುವುದು ಹೇಗೆ ಎಂಬ ದಾಕ್ಷಿಣ್ಯ. ಒಂಟಿಯಾಗಿ ಹೊರಟ ಹೆಣ್ಣಿಗೆ ಇದಕ್ಕಿಂತ ಅಪಾಯಕಾರಿಯಾದ ಸಾಮಾನು ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ಕೆಳಗಿನ ಉತ್ತರಗಳಲ್ಲಿ ಈ ಪದ ಮತ್ತೆ ಬರುತ್ತದೆ.

ಆ್ಯಪಿನಲ್ಲಿ ಬುಕ್ ಮಾಡಿದಾಗ ಕಾರಿನ ನೋಂದಣಿ ಸಂಖ್ಯೆಯನ್ನು ಫಲಕದೊಂದಿಗೆ ಹೋಲಿಸಿ ನೋಡಿ. ಬ್ರಿಟನ್ನಿನಲ್ಲಿ ಕಾರಿನ ಮುಂದಿನ ಫಲಕ ಬಿಳಿ, ಹಿಂದಿನದು ಹಳದಿ, ಸಂಖ್ಯೆ ಮಾತ್ರ ಒಂದೇ. ನಿಮ್ಮ ಹೆಸರನ್ನು ನೀವಾಗಿ ಹೇಳಬೇಡಿ, ಯಾರಿಗಾಗಿ ಬಂದಿದ್ದೀರಿ ಎಂದು ಚಾಲಕನನ್ನೇ ಕೇಳಿ.

ಪ್ರಶ್ನೆ: ನನ್ನ ತಂಗಿ ಓದಲು ಲಂಡನ್ನಿಗೆ ಹೋಗುತ್ತಿದ್ದಾಳೆ. ಅವಳ ಸಾಮಾನಿನಲ್ಲಿ ಒಂದು ಪೆಪ್ಪರ್ ಸ್ಪ್ರೇ ಇಟ್ಟು ಕಳುಹಿಸಬೇಕೆಂದಿದ್ದೇನೆ. ವಿಮಾನದಲ್ಲಿ ಬಿಡುತ್ತಾರೆಯೇ?

ಉತ್ತರ: ವಿಮಾನದ ಮಾತು ಹಾಗಿರಲಿ, ದಯವಿಟ್ಟು ಅದನ್ನು ಕಳುಹಿಸಲೇಬೇಡಿ. ಬ್ರಿಟನ್ನಿನ 1968ರ ಬಂದೂಕು ಕಾಯ್ದೆಯ ಪ್ರಕಾರ ಪೆಪ್ಪರ್ ಸ್ಪ್ರೇ ನಿಷೇಧಿತ ಆಯುಧ. ಬಳಸದೆ ಚೀಲದಲ್ಲಿ ಇಟ್ಟುಕೊಂಡಿದ್ದರೂ ಅಪರಾಧವೇ. ಆತ್ಮರಕ್ಷಣೆಗೆಂದು ಚಾಕು ಇಟ್ಟುಕೊಂಡರೂ ಅಷ್ಟೇ; ರಕ್ಷಣೆಗಾಗಿ ಎಂಬ ವಿವರಣೆಯೇ ಅಲ್ಲಿ ಆಯುಧ ಹೊಂದಿದ್ದಕ್ಕೆ ಸಾಕ್ಷಿಯಾಗುತ್ತದೆ. ಅಕ್ಕನ ಅಕ್ಕರೆ ತಂಗಿಯನ್ನು ಪೊಲೀಸ್ ಠಾಣೆಗೆ ಕರೆದೊಯ್ಯುವಂತಾಗಬಾರದು.

ಅದರ ಬದಲಿಗೆ ಪಿನ್ನು ಎಳೆದೊಡನೆ ಕಿವಿಗಡಚಿಕ್ಕುವಂತೆ ಕಿರುಚುವ ಸಣ್ಣ ಅಲಾರಂ ಕೊಟ್ಟು ಕಳುಹಿಸಿ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಅದು ಚೀಲದ ತಳದಲ್ಲಿ ಬಾಚಣಿಗೆ, ಛತ್ರಿಗಳ ಕೆಳಗೆ ಬಿದ್ದಿದ್ದರೆ ಪ್ರಯೋಜನವಿಲ್ಲ. ಚೀಲದ ಪಟ್ಟಿಗೆ, ಬಲಗೈ ತಾನಾಗಿ ಹೋಗುವ ಜಾಗದಲ್ಲಿ ಕಟ್ಟಿ, ಹೊರಡುವ ಮೊದಲು ನಾಲ್ಕಾರು ಸಲ ಎಳೆದು ಅಭ್ಯಾಸ ಮಾಡಿಸಿ. ಎದುರಿನವನು ಬೆಚ್ಚಿದ ಆ ಕ್ಷಣದಲ್ಲಿ ಜನರಿರುವ ಕಡೆಗೆ ಓಡುವುದಕ್ಕಾಗಿ ಅದು ಇರುವುದು, ನಿಂತು ಹೋರಾಡುವುದಕ್ಕಲ್ಲ ಎಂಬುದನ್ನೂ ಹೇಳಿ.

ಪ್ರಶ್ನೆ: ನನಗೆ 58 ವರ್ಷ. ವಸ್ತುಸಂಗ್ರಹಾಲಯಗಳನ್ನು ನೋಡಬೇಕೆಂಬ ಬಹುಕಾಲದ ಆಸೆಯಿಂದ ಒಬ್ಬಳೇ ಹೊರಟಿದ್ದೇನೆ. ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಗಾಬರಿಯಾದಾಗ ಬಾಯಿಗೆ ಬರುವುದಿಲ್ಲ. ಫೋನು ಕಳೆದುಹೋದರೆ, ದಾರಿ ತಪ್ಪಿದರೆ, ಪೊಲೀಸರನ್ನು ಹೇಗೆ ಕರೆಯಬೇಕು?

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು, ಬ್ರಿಟಿಷ್ ಮ್ಯೂಸಿಯಂ ಒಂದಕ್ಕೇ ಎರಡು ದಿನ ಇಟ್ಟುಕೊಳ್ಳಿ.

ಫೋನಿನಿಂದಲೇ ಆರಂಭಿಸೋಣ, ಏಕೆಂದರೆ ಲಂಡನ್ನಿನಲ್ಲಿ ಪ್ರವಾಸಿಗರು ಕಳೆದುಕೊಳ್ಳುವ ವಸ್ತುಗಳಲ್ಲಿ ಅದು ಮುಖ್ಯವಾದದ್ದು. ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತು ನಕ್ಷೆ ನೋಡುತ್ತಿರುವವರ ಕೈಯಿಂದ, ವಿದ್ಯುತ್ ಸೈಕಲ್ಲಿನಲ್ಲಿ ಸದ್ದಿಲ್ಲದೆ ಹಿಂದಿನಿಂದ ಬಂದವನು ಫೋನು ಕಿತ್ತುಕೊಂಡು ಹೋಗಿಬಿಡುತ್ತಾನೆ. ಆದ್ದರಿಂದ ನಕ್ಷೆ ನೋಡಬೇಕಾದಾಗ ರಸ್ತೆಯ ಅಂಚು ಬಿಟ್ಟು, ಅಂಗಡಿಯೊಂದರ ಬಾಗಿಲಿನೊಳಗೆ ಹೋಗಿ ಅಥವಾ ಗೋಡೆಗೆ ಬೆನ್ನು ಕೊಟ್ಟು ನಿಂತು, ದಾರಿ ಮನಸ್ಸಿನಲ್ಲಿಟ್ಟುಕೊಂಡು, ಫೋನನ್ನು ಚೀಲಕ್ಕೆ ಸೇರಿಸಿ ನಡೆಯಿರಿ. ಕಿತ್ತುಕೊಂಡರೆ ಹಿಂದೆ ಓಡಬೇಡಿ. ಅದು ಹೋದರೂ ಪರದಾಡಬೇಕಾಗದಂತೆ ಒಂದು ಕಾಗದದಲ್ಲಿ ಹೋಟೆಲಿನ ಹೆಸರು, ಅದರ ಪೋಸ್ಟ್‌ಕೋಡ್, ಮನೆಯವರೊಬ್ಬರ ಫೋನ್ ನಂಬರು ಬರೆದು ಚೀಲದಲ್ಲಿ ಅಲ್ಲದೆ ಕೋಟಿನ ಒಳಜೇಬಿನಲ್ಲಿಡಿ. ಜೊತೆಗೆ ಇನ್ನೊಂದು ಬ್ಯಾಂಕ್ ಕಾರ್ಡು ಮತ್ತು ಸ್ವಲ್ಪ ಪೌಂಡುಗಳನ್ನೂ ಇಡಿ. ಬ್ರಿಟನ್ನಿನ ಪೋಸ್ಟ್‌ಕೋಡ್ ಇಡೀ ಬಡಾವಣೆಗೆ ಸೇರಿದ್ದಲ್ಲ, ಬೆರಳೆಣಿಕೆಯಷ್ಟು ಮನೆಗಳಿಗೆ ಸೇರಿದ್ದು. ಅದೊಂದನ್ನು ತೋರಿಸಿದರೆ ಟ್ಯಾಕ್ಸಿಯವರು ನಿಮ್ಮನ್ನು ಬಾಗಿಲ ಹತ್ತಿರಕ್ಕೇ ಬಿಡುತ್ತಾರೆ. ಅಲ್ಲಿ ಪಾಸ್‌ಪೋರ್ಟನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮವಿಲ್ಲ. ಅದರ ನಕಲನ್ನು ಇಟ್ಟುಕೊಂಡು ಮೂಲವನ್ನು ಕೋಣೆಯ ತಿಜೋರಿಯಲ್ಲಿ ಬಿಡಿ. ಅದೇ ಕಳೆದುಹೋದರೆ ಹೋಗಬೇಕಾದದ್ದು ಆಲ್ಡ್‌ವಿಚ್ ಬೀದಿಯ ಇಂಡಿಯಾ ಹೌಸ್‌ನಲ್ಲಿರುವ ಭಾರತೀಯ ಹೈಕಮಿಷನ್ನಿಗೆ.

ತುರ್ತು ಸಂದರ್ಭಕ್ಕೆ 999. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೇ. 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ತುರ್ತಲ್ಲದ ದೂರಿಗೆ 101. ಮಾತು ಹೊರಡದಿದ್ದರೆ 'ಪೊಲೀಸ್', 'ಹೆಲ್ಪ್' ಎಂಬೆರಡು ಪದ ಸಾಕು. ಆಮೇಲೆ 'ಕನ್ನಡ' ಎಂದು ನಿಮ್ಮ ಭಾಷೆಯ ಹೆಸರು ಹೇಳಿ ದುಭಾಷಿಯನ್ನು ಕೇಳಿ. ಎಲ್ಲಿದ್ದೀರಿ ಎಂದು ಅವರು ಕೇಳಿದಾಗ ಹೇಳಲು ಒಂದು ಸುಲಭದ ಉಪಾಯವಿದೆ. ಲಂಡನ್ನಿನ ಬಸ್ ನಿಲ್ದಾಣಗಳಲ್ಲಿ ಕಂಬದ ತುದಿಗೆ ಕೆಂಪು ವೃತ್ತದೊಳಗೆ ಇಂಗ್ಲಿಷಿನ ಒಂದೆರಡು ಅಕ್ಷರ, ಅದರ ಕೆಳಗೆ ನಿಲ್ದಾಣದ ಹೆಸರು ಇರುತ್ತದೆ. ಅದನ್ನು ಓದಿ ಹೇಳಿದರೆ ನೀವು ಬೀದಿಯ ಯಾವ ಬದಿಯಲ್ಲಿ ನಿಂತಿದ್ದೀರಿ ಎಂಬುದೂ ತಿಳಿಯುತ್ತದೆ. ಬೀದಿಯ ಹೆಸರನ್ನು ಕಟ್ಟಡದ ಗೋಡೆಯ ಮೇಲೆ ನೋಡಿ.

ಮಾತಾಡಿದರೇ ಅಪಾಯ ಎಂಬಂಥ ಸ್ಥಿತಿಗೂ ಅಲ್ಲಿ ವ್ಯವಸ್ಥೆಯಿದೆ. ಮೊಬೈಲಿನಿಂದ 999ಕ್ಕೆ ಕರೆ ಮಾಡಿ, ಕೆಮ್ಮಿಯೋ ಫೋನನ್ನು ಬೆರಳಿನಿಂದ ಕುಟ್ಟಿಯೋ ಸುಳಿವು ಕೊಡಿ; ಅದೂ ಆಗದಿದ್ದರೆ ಸೂಚನೆ ಕೇಳಿಸಿದಾಗ 55 ಒತ್ತಿ. ಕರೆ ಪೊಲೀಸರಿಗೆ ಹೋಗುತ್ತದೆ. ಮಾತಿಲ್ಲದ ಕರೆ ಬಂದೊಡನೆ ಪೊಲೀಸರು ತಾವಾಗಿ ಓಡಿಬರುತ್ತಾರೆಂದು ಭಾವಿಸಿ 55 ಒತ್ತದೆ ಬಿಡಬೇಡಿ.

ಪೊಲೀಸರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2021ರ ಮಾರ್ಚಿನಲ್ಲಿ, ಸೇವೆಯಲ್ಲಿದ್ದ ಪೊಲೀಸನೊಬ್ಬ ದಕ್ಷಿಣ ಲಂಡನ್ನಿನಲ್ಲಿ ಒಬ್ಬಳೇ ಮನೆಗೆ ನಡೆದು ಹೋಗುತ್ತಿದ್ದ ಹೆಣ್ಣುಮಗಳನ್ನು ಬಂಧನದ ನೆಪದಲ್ಲಿ ಕಾರು ಹತ್ತಿಸಿಕೊಂಡು ಹೋಗಿ ಕೊಂದ. ಅದಾದ ಮೇಲೆ ಲಂಡನ್ ಪೊಲೀಸರು, ಸಮವಸ್ತ್ರವಿಲ್ಲದ ಅಧಿಕಾರಿ ಒಬ್ಬನೇ ಹೆಣ್ಣುಮಗಳನ್ನು ತಡೆದರೆ ಅವನ ಗುರುತನ್ನು ನಿಯಂತ್ರಣ ಕೊಠಡಿಯ ಮೂಲಕ ಖಚಿತಪಡಿಸಿಕೊಳ್ಳಲು ಅವಳಿಗೆ ಅವಕಾಶ ಕೊಡುವ ಏರ್ಪಾಡು ಮಾಡಿದರು. ಗುರುತಿನ ಕಾರ್ಡು ಕೇಳಲು, ಅನುಮಾನ ಉಳಿದರೆ ಅವನ ಎದುರಿಗೇ 999ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಪರ್ಸು ತೋರಿಸಿ, ನೋಟು ಪರೀಕ್ಷಿಸಬೇಕು ಎನ್ನುವವನು ಪೊಲೀಸನಲ್ಲ.

ಪ್ರಶ್ನೆ: ಕಳೆದ ವರ್ಷ ಲಂಡನ್ನಿನ ಟ್ಯೂಬಿನಲ್ಲಿ ಒಬ್ಬ ಮೂರು ನಿಲ್ದಾಣದುದ್ದಕ್ಕೂ ಬೇಕೆಂದೇ ಮೈಗೆ ಮೈ ಒತ್ತಿ ನಿಂತಿದ್ದ. ನೂಕುನುಗ್ಗಲಿತ್ತು, ಬೇಕೆಂದೇ ಮಾಡಿದ ಎಂದು ಹೇಗೆ ಹೇಳಲಿ ಎಂದು ಸುಮ್ಮನಿದ್ದೆ. ಮತ್ತೆ ಹೋಗುತ್ತಿದ್ದೇನೆ. ಇಂಥದ್ದಕ್ಕೆ ದೂರು ಕೊಟ್ಟರೆ ಯಾರಾದರೂ ಕೇಳುತ್ತಾರೆಯೇ?

ಉತ್ತರ: ಕೇಳುತ್ತಾರೆ. ನೀವು ಸುಮ್ಮನಿದ್ದುದು ತಪ್ಪಲ್ಲ. ಆ ಕ್ಷಣದಲ್ಲಿ ಮೈಯೇ ಮರಗಟ್ಟುತ್ತದೆ, ಬಹಳ ಹೆಂಗಸರ ಅನುಭವ ಇದೇ. ಆದರೆ ಬೇಕೆಂದೇ ಮಾಡಿದನೋ ಇಲ್ಲವೋ ಎಂದು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ, ಮತ್ತು ಇಷ್ಟಕ್ಕೆಲ್ಲ ದೂರೇ ಎಂಬ ದಾಕ್ಷಿಣ್ಯ ಇಟ್ಟುಕೊಳ್ಳಬೇಕಾಗಿಲ್ಲ. ರೈಲುಗಳಿಗೆಂದೇ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸ್ ಎಂಬ ಪ್ರತ್ಯೇಕ ಪಡೆಯಿದೆ. ಮುಟ್ಟುವುದು, ಒತ್ತಿ ನಿಲ್ಲುವುದು ಮಾತ್ರವಲ್ಲ, ಹೆದರಿಕೆಯಾಗುವಂತೆ ದುರುಗುಟ್ಟಿ ನೋಡುವುದನ್ನೂ ತಿಳಿಸಿ ಎಂದು ಅವರೇ ಕೇಳಿಕೊಳ್ಳುತ್ತಾರೆ. 61016ಕ್ಕೆ ಸಂದೇಶ ಕಳುಹಿಸಬಹುದು. ಅಲ್ಲಿನ ಸಿಮ್ ಹಾಕಿಕೊಂಡಿರುವುದು ಇದಕ್ಕೂ ಒಳ್ಳೆಯದು. ಉಡುಪಿನ ಕೆಳಗಿನಿಂದ ಕ್ಯಾಮೆರಾ ಹಿಡಿಯುವುದು 2019ರಿಂದ ಪ್ರತ್ಯೇಕ ಅಪರಾಧವಾಗಿದೆ.

ದೂರಿಗೆ ಬೇಕಾದದ್ದು ಸಮಯ, ಯಾವ ಮಾರ್ಗ, ಯಾವ ದಿಕ್ಕಿಗೆ ಹೋಗುವ ರೈಲು, ಅವನು ಎಲ್ಲಿ ಹತ್ತಿ ಎಲ್ಲಿ ಇಳಿದ, ಏನು ತೊಟ್ಟಿದ್ದ ಎಂಬ ವಿವರ. ಬೋಗಿಯ ಒಳಗೋಡೆಯ ಮೇಲೆ ಬರೆದಿರುವ ಸಂಖ್ಯೆಯನ್ನು ಗುರುತು ಹಾಕಿಕೊಂಡರೆ ಕ್ಯಾಮೆರಾದ ದೃಶ್ಯ ಹುಡುಕಲು ಸುಲಭ. ಇವನೊಬ್ಬನ ಮೇಲೆ ಈ ಮೊದಲೇ ನಾಲ್ವರು ಹೆಂಗಸರು ದೂರು ಕೊಟ್ಟಿರಬಹುದು. ನಿಮ್ಮ ಐದನೆಯ ದೂರಿನಿಂದ ಕೊಂಡಿ ಕೂಡಬಹುದು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮಾತ್ರ ಇಷ್ಟೇ: ಬಾಗಿಲು ತೆರೆದೊಡನೆ ಇಳಿದು ಪಕ್ಕದ ಬೋಗಿ ಹತ್ತಿ. ಅವನೂ ಇಳಿದರೆ ನಿಲ್ದಾಣದಿಂದ ಹೊರಗೆ ಹೋಗಬೇಡಿ, ಸಿಬ್ಬಂದಿಯ ಬಳಿ ಹೋಗಿ ಅಥವಾ ಪ್ಲಾಟ್‌ಫಾರ್ಮಿನ ಹೆಲ್ಪ್ ಪಾಯಿಂಟ್ ಗುಂಡಿ ಒತ್ತಿ. ಧ್ವನಿ ಏರಿಸುವಷ್ಟು ಧೈರ್ಯವಿದ್ದರೆ ಕನ್ನಡದಲ್ಲಿಯೇ ಗದರಿಸಿ. ಬೋಗಿಯವರೆಲ್ಲ ತಿರುಗಿ ನೋಡಲು ಅರ್ಥ ಬೇಕಾಗಿಲ್ಲ.

ಪ್ರಶ್ನೆ: ಇದನ್ನು ಕೇಳಲು ಸಂಕೋಚವಾಗುತ್ತಿದೆ. ಅಲ್ಲಿ ಓದುತ್ತಿರುವಾಗ ಪರಿಚಯವಾದವರ ಜೊತೆ ಸಂಜೆ ಹೊರಗೆ ಹೋಗುವುದಿರುತ್ತದೆ. ಏನಾದರೂ ಕೆಟ್ಟದ್ದು ನಡೆದುಹೋದರೆ ಪೊಲೀಸರಿಗೆ ಹೇಳಲೇಬೇಕೇ? ಮನೆಯವರಿಗೆ, ಪತ್ರಿಕೆಗಳಿಗೆ ಗೊತ್ತಾಗುತ್ತದೆಯೇ?

ಉತ್ತರ: ಸಂಕೋಚ ಬಿಟ್ಟು ಕೇಳಿದ್ದಕ್ಕೆ ಧನ್ಯವಾದ. ಹೊರಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಮೊದಲ ಭೇಟಿ ಜನರಿರುವ ಕಡೆ ಇರಲಿ, ವಾಪಸಾಗುವ ಏರ್ಪಾಡು ನಿಮ್ಮದೇ ಆಗಿರಲಿ, ಎಲ್ಲಿದ್ದೀರಿ ಎಂಬುದು ಗೆಳತಿಯೊಬ್ಬಳಿಗೆ ಗೊತ್ತಿರಲಿ. ಕುಡಿಯುವುದು ಹಣ್ಣಿನ ರಸವೇ ಆದರೂ ಲೋಟವನ್ನು ಬಿಟ್ಟು ಎದ್ದು ಹೋದರೆ, ಮರಳಿ ಬಂದು ಅದನ್ನೇ ಕುಡಿಯಬೇಡಿ. ಕುಡಿದದ್ದಕ್ಕೆ ಮೀರಿ ತಲೆ ತಿರುಗಿದರೆ ಜೊತೆಯಲ್ಲಿರುವವನು ಮನೆಗೆ ಬಿಡುತ್ತೇನೆಂದರೂ ಹೋಗದೆ, ಅಲ್ಲಿನ ಕೆಲಸಗಾರರ ಬಳಿ ಹೋಗಿ. 'ಆ್ಯಂಜೆಲಾ ಇದ್ದಾರೆಯೇ' ಎಂದು ಕೇಳಿದರೆ ತೊಂದರೆಯಲ್ಲಿದ್ದೀರಿ ಎಂದು ಅರ್ಥಮಾಡಿಕೊಳ್ಳುವ ಸಂಕೇತ 2016ರಲ್ಲಿ ಲಿಂಕನ್‌ಶೈರಿನಲ್ಲಿ ಆರಂಭವಾಗಿ ಲಂಡನ್ನಿಗೂ ಬಂದಿದೆ. ಆದರೆ ಪ್ರತಿಯೊಬ್ಬ ಕೆಲಸಗಾರನಿಗೂ ಅದು ತಿಳಿದಿರುತ್ತದೆಂದು ನಂಬಿ ಕೂರಬೇಡಿ; ಅರ್ಥವಾಗದಿದ್ದರೆ ನನಗೆ ಸಹಾಯ ಬೇಕು ಎಂದು ನೇರವಾಗಿ ಹೇಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪೊಲೀಸರಿಗೆ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗಾಗಿ ಲಂಡನ್ನಿನಲ್ಲಿ ಹೇವನ್ಸ್ ಎಂಬ ಕೇಂದ್ರಗಳು ಕ್ಯಾಂಬರ್‌ವೆಲ್, ಪ್ಯಾಡಿಂಗ್ಟನ್, ವೈಟ್‌ಚಾಪೆಲ್ ಎಂಬ ಮೂರು ಕಡೆ ಇವೆ. ಅಲ್ಲಿ ವೈದ್ಯಕೀಯ ತಪಾಸಣೆ, ಔಷಧ, ಆಪ್ತಸಲಹೆ ಎಲ್ಲವೂ ಉಚಿತವಾಗಿ, ಗೋಪ್ಯವಾಗಿ ಸಿಗುತ್ತವೆ. ಪೊಲೀಸ್ ದೂರು ಕೊಟ್ಟಿರಬೇಕೆಂದಿಲ್ಲ, ಕೊಡಬೇಕೋ ಬೇಡವೋ ಎಂದು ಆಮೇಲೆ ನಿರ್ಧರಿಸಬಹುದು. ಲೈಂಗಿಕ ದೌರ್ಜನ್ಯದಿಂದಾದ ತೊಂದರೆಯ ಚಿಕಿತ್ಸೆಗೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ವಿದೇಶಿಯರಿಂದಲೂ ಶುಲ್ಕ ಪಡೆಯುವುದಿಲ್ಲ. ದೂರು ಕೊಟ್ಟರೂ ನಿಮ್ಮ ಗುರುತನ್ನು ಯಾವ ಪತ್ರಿಕೆಯೂ ಪ್ರಕಟಿಸುವಂತಿಲ್ಲ. 1992ರ ಕಾಯ್ದೆ ಈ ರಕ್ಷಣೆಯನ್ನು ಜೀವಮಾನವಿಡೀ ಕೊಡುತ್ತದೆ. ನೀವು ವಯಸ್ಕರಾಗಿರುವುದರಿಂದ ಮನೆಯವರಿಗೆ ಯಾವಾಗ, ಎಷ್ಟು ಹೇಳಬೇಕೆಂಬುದು ನಿಮ್ಮದೇ ತೀರ್ಮಾನ.

ಆದಷ್ಟು ಬೇಗ ಹೋಗುವುದು ಮುಖ್ಯ. ಪಾನೀಯದಲ್ಲಿ ಬೆರೆಸುವ ಕೆಲವು ಮದ್ದುಗಳು ಸುಮಾರು 12 ಗಂಟೆಯಲ್ಲೇ ದೇಹದಿಂದ ಹೊರಟುಹೋಗುತ್ತವೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಬೇಕು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಟ್ಟು ಜೊತೆಗೆ ತೆಗೆದುಕೊಂಡು ಹೋಗಿ. ಸ್ನಾನ ಮಾಡಿಬಿಟ್ಟಿದ್ದರೂ, ಬಟ್ಟೆ ಒಗೆದಿದ್ದರೂ, ಹೇಳಲೋ ಬೇಡವೋ ಎನ್ನುತ್ತಲೇ ನಾಲ್ಕು ದಿನ ಕಳೆದುಹೋಗಿದ್ದರೂ ಹೋಗಿ. ತಡವಾಗಿ ಬಂದಿರೆಂದು ಅಲ್ಲಿ ಯಾರೂ ಹಿಂದಕ್ಕೆ ಕಳುಹಿಸುವುದಿಲ್ಲ.